ಎರವಲು ತಂದ ಸಮಾಧಾನ: ಎಳೆಯ ಮಕ್ಕಳ ಮನಸ್ಸು ಬೆಳೆಯುವ ಬಗೆ

ಬಾಣಂತನದ ಕೋಣೆಯಲ್ಲಿ ಒಂದಲ್ಲ ಒಂದು ದಿನ ಈ ವಾದ ನಡೆದೇ ನಡೆಯುತ್ತದೆ. ಮಗು ಅಳುತ್ತಿದೆ. ಹಾಲು ಕುಡಿದಾಗಿದೆ, ಬಟ್ಟೆ ಒದ್ದೆಯಾಗಿಲ್ಲ, ಹೊಕ್ಕುಳ ಸುತ್ತ ಇಂಗು ಹಚ್ಚಿಯೂ ಆಗಿದೆ. ಎತ್ತಿಕೊಂಡರೆ ಸುಮ್ಮನಾಗುತ್ತದೆ, ತೊಟ್ಟಿಲಿಗೆ ಹಾಕಿದರೆ ಮತ್ತೆ ಶುರು. “ಎತ್ತಿ ಎತ್ತಿ ಕೈ ಅಭ್ಯಾಸ ಮಾಡಿಸಬೇಡ, ಆಮೇಲೆ ಕೆಳಗೇ ಇಳಿಯೋದಿಲ್ಲ” ಎನ್ನುತ್ತಾರೆ ಒಬ್ಬರು. “ಹಸುಗೂಸನ್ನು ಹಾಗೆ ಅಳಿಸಬಾರದು, ಕೊಡೇ ಇಲ್ಲಿ” ಎನ್ನುತ್ತಾರೆ ಇನ್ನೊಬ್ಬರು. ನಡುವೆ ನಿದ್ದೆಗೆಟ್ಟ ತಾಯಿ ಯಾರ ಮಾತು ಕೇಳಬೇಕೆಂದು ತಿಳಿಯದೆ ನಿಂತಿರುತ್ತಾಳೆ.

ಈ ಸಣ್ಣ ವಾದದ ಉತ್ತರ ಹುಡುಕುತ್ತ ಹೋದರೆ, ಎಳೆಯ ಮಕ್ಕಳ ಭಾವನಾತ್ಮಕ ಬೆಳವಣಿಗೆಯ ಬಗ್ಗೆ ಇದುವರೆಗೆ ತಿಳಿದುಬಂದಿರುವ ಅತಿ ಮುಖ್ಯ ಸಂಗತಿಯ ಬಳಿಗೇ ಹೋಗಿ ನಿಲ್ಲುತ್ತೇವೆ. ಹುಟ್ಟಿದ ಮಗುವಿಗೆ ಕಳವಳಗೊಳ್ಳಲು ಯಾರೂ ಕಲಿಸಬೇಕಾಗಿಲ್ಲ. ಆದರೆ ಆ ಕಳವಳದಿಂದ ಇಳಿದು ಬರುವುದು ಅದಕ್ಕೆ ಗೊತ್ತಿಲ್ಲ. ಸಮಾಧಾನವನ್ನು ಅದು ತನ್ನನ್ನು ಸಾಕುವವರಿಂದ ಎರವಲು ಪಡೆಯುತ್ತದೆ. ಸಾವಿರಾರು ಸಲ ಹೀಗೆ ಪಡೆದ ಮೇಲೆ, ಮೂರು ನಾಲ್ಕು ವರ್ಷದ ಹೊತ್ತಿಗೆ, ಆ ಸಮಾಧಾನದ ಒಂದು ಪಾಲು ಅದರ ಸ್ವಂತದ್ದಾಗತೊಡಗುತ್ತದೆ.

ಅಳು ಮತ್ತು ಹೆಗಲು

ಆರೋಗ್ಯವಂತ ಕೂಸುಗಳ ಅಳು ಹುಟ್ಟಿದ ಎರಡನೆಯ ವಾರದಿಂದ ಏರುತ್ತ ಹೋಗಿ, ಸುಮಾರು ಆರನೆಯ ವಾರದಲ್ಲಿ ತುದಿ ಮುಟ್ಟಿ, ಮೂರು ನಾಲ್ಕು ತಿಂಗಳಿಗೆ ತಾನಾಗಿ ಇಳಿಯುತ್ತದೆ. ಸಂಜೆಯ ಹೊತ್ತಿನಲ್ಲಿ ಅದು ಹೆಚ್ಚು. ಎಷ್ಟೋ ಸಲ ಕಾರಣವೇ ಸಿಗುವುದಿಲ್ಲ. ಹೆದರಿಕೆ, ನೋವು, ಹಸಿವುಗಳಿಗೆ ಕೂಗೆಬ್ಬಿಸುವ ಮೆದುಳಿನ ಭಾಗಗಳು ಹುಟ್ಟಿನಿಂದಲೇ ಕೆಲಸಕ್ಕಿಳಿದಿರುತ್ತವೆ. ಅವಕ್ಕೆ ಕಡಿವಾಣ ಹಾಕಬೇಕಾದ, ಹಣೆಯ ಹಿಂದಿನ ಮೆದುಳಿನ ಭಾಗವಾದರೋ ಎಲ್ಲಕ್ಕಿಂತ ನಿಧಾನವಾಗಿ ಬಲಿಯುವಂಥದ್ದು. ಅದು ಪೂರ್ತಿ ಬಲಿಯಲು ಇಪ್ಪತ್ತು ದಾಟಿದ ವಯಸ್ಸೇ ಬೇಕು. ಹೀಗಾಗಿ ಕೂಸಿನ ಕಡಿವಾಣ ಅದರ ತಲೆಯೊಳಗಿಲ್ಲ, ಹೊರಗೆ, ಯಾರದೋ ಹೆಗಲ ಮೇಲಿದೆ. ಆ ಹೆಗಲಿನ ಬಿಸುಪು, ಉಸಿರಿನ ಲಯ, ಪರಿಚಿತ ವಾಸನೆ, ಬೆನ್ನ ಮೇಲೆ ತಟ್ಟುವ ಕೈ ಇವೆಲ್ಲ ಸೇರಿ ಕೂಸಿನ ದೇಹದ ಕಳವಳವನ್ನೇ ಇಳಿಸುತ್ತವೆ. 2013ರಲ್ಲಿ ಜಪಾನಿನ ರಿಕೆನ್ ಸಂಸ್ಥೆಯ ಸಂಶೋಧಕರು ಆರು ತಿಂಗಳೊಳಗಿನ ಕೂಸುಗಳ ಹೃದಯ ಬಡಿತವನ್ನು ಅಳೆದು ನೋಡಿದಾಗ, ತಾಯಿ ಎತ್ತಿಕೊಂಡು ಕುಳಿತಾಗಿನದಕ್ಕಿಂತ ಎತ್ತಿಕೊಂಡು ನಡೆದಾಗ ಬಡಿತ ಬೇಗ ಇಳಿದು ಅಳು ನಿಲ್ಲುವುದು ಕಂಡುಬಂತು. ಮಗುವನ್ನು ಹೆಗಲಿಗೆ ಹಾಕಿಕೊಂಡು ಪಡಸಾಲೆಯ ಉದ್ದಕ್ಕೂ ಶತಪಥ ಹಾಕುವ ಅಜ್ಜಿಯರಿಗೆ ಇದು ಹೊಸ ಸುದ್ದಿಯೇನೂ ಅಲ್ಲ.

ಹಾಗಾದರೆ “ಕೈ ಅಭ್ಯಾಸ”ದ ಭಯ? ಈ ಭಯ ನಮ್ಮಲ್ಲಿ ಮಾತ್ರ ಇರುವುದಲ್ಲ. ಅಮೆರಿಕದ ಹೆಸರಾಂತ ಮನೋವಿಜ್ಞಾನಿ ಜಾನ್ ವಾಟ್ಸನ್ 1928ರಲ್ಲಿ, ಮಕ್ಕಳನ್ನು ಅಪ್ಪಿ ಮುದ್ದಿಸಬೇಡಿ, ಬೆಳಿಗ್ಗೆ ಎದ್ದಾಗ ಕೈಕುಲುಕಿದರೆ ಸಾಕು ಎಂದು ತಾಯಂದಿರಿಗೆ ಉಪದೇಶ ಮಾಡಿದ್ದರು. ಅದು ಆ ಕಾಲದಲ್ಲಿ ವೈಜ್ಞಾನಿಕ ಮಾತೆಂದೇ ಚಲಾವಣೆಯಾಯಿತು. 1972ರಲ್ಲಿ ಮನೋವಿಜ್ಞಾನಿಗಳಾದ ಸಿಲ್ವಿಯಾ ಬೆಲ್ ಮತ್ತು ಮೇರಿ ಐನ್ಸ್‌ವರ್ತ್ ಅಮೆರಿಕದ ಬಾಲ್ಟಿಮೋರ್ ನಗರದ 26 ತಾಯಿ–ಮಕ್ಕಳನ್ನು ಅವರವರ ಮನೆಗಳಲ್ಲಿಯೇ ಒಂದು ವರ್ಷ ಗಮನಿಸಿ ಬರೆದದ್ದು ಇದಕ್ಕೆ ತದ್ವಿರುದ್ಧವಾಗಿತ್ತು: ಮೊದಲ ತಿಂಗಳುಗಳಲ್ಲಿ ಯಾವ ಕೂಸುಗಳ ಅಳುವಿಗೆ ಬೇಗ ಓಗೊಡಲಾಗಿತ್ತೋ, ಅವು ವರ್ಷದ ಕೊನೆಗೆ ಕಡಿಮೆ ಅಳುತ್ತಿದ್ದವು. ಈ ಲೆಕ್ಕ ಅಷ್ಟು ನೇರವಲ್ಲವೆಂದು ಮುಂದಿನ ಕೆಲವು ಅಧ್ಯಯನಗಳು ತಕರಾರು ತೆಗೆದದ್ದೂ ಉಂಟು. ಮಗು ಮುಲುಗುಟ್ಟಿದ ಕೂಡಲೇ ಧಾವಿಸದೆ ಅರೆಗಳಿಗೆ ನೋಡಿ ಎತ್ತಿಕೊಂಡರೆ ಯಾವ ಅನಾಹುತವೂ ಆಗುವುದಿಲ್ಲ. ಆದರೆ ಮೂರು ತಿಂಗಳ ಕೂಸನ್ನು ಎತ್ತಿಕೊಂಡು ಕೆಡಿಸಲು ಸಾಧ್ಯ ಎಂಬ ಮಾತಿಗಂತೂ ಆಧಾರವಿಲ್ಲ. ಆ ವಯಸ್ಸಿನ ಅಳುವಿನಲ್ಲಿ ಲೆಕ್ಕಾಚಾರವಿಲ್ಲ, ಹಠವಿಲ್ಲ. ಹಠ ಮಾಡಬೇಕಾದರೆ ಎದುರಿಗಿರುವವರ ಮನಸ್ಸಿನಲ್ಲಿ ಏನಿದೆಯೆಂದು ಊಹಿಸಲು ಬರಬೇಕು, ಅದು ಬರಲು ಇನ್ನೂ ಬಹಳ ಕಾಲವಿದೆ.

ಇಲ್ಲಿ ಹೇಳಲೇಬೇಕಾದ ಇನ್ನೊಂದು ಮಾತಿದೆ. ಕೆಲವು ಸಂಜೆ ಏನು ಮಾಡಿದರೂ ಅಳು ನಿಲ್ಲುವುದಿಲ್ಲ. ಎತ್ತಿಕೊಂಡವರ ತಾಳ್ಮೆ ಕಿತ್ತು ಹೋಗುವ ಹಂತ ಬರುತ್ತದೆ. ಆಗ ಮಗುವನ್ನು ಅಂಗಾತ, ಬೀಳದ ಜಾಗದಲ್ಲಿ ಮಲಗಿಸಿ, ಐದು ನಿಮಿಷ ಹೊರಗೆ ಹೋಗಿ ನೀರು ಕುಡಿದು ಬರುವುದು ತಪ್ಪಲ್ಲ, ಅದೇ ಸರಿ. ಸಿಟ್ಟಿನಲ್ಲಿ ಮಗುವನ್ನು ಹಿಡಿದು ಅಲುಗಾಡಿಸುವುದು ಮಾತ್ರ ಎಂದೆಂದಿಗೂ ಕೂಡದು. ಕೂಸಿನ ಕುತ್ತಿಗೆಗೆ ಬಲವಿರುವುದಿಲ್ಲ, ಕೆಲವೇ ಕ್ಷಣಗಳ ಅಲುಗಾಟದಲ್ಲಿ ಮೆದುಳಿನೊಳಗೆ ರಕ್ತಸ್ರಾವವಾಗಿ ಜೀವಕ್ಕೇ ಎರವಾಗಬಹುದು.

ಮುಖವೆಂಬ ಮೊದಲ ಪಾಠ

ಹುಟ್ಟಿದ ಕೂಸಿಗೆ ಸ್ವಲ್ಪವಾದರೂ ನಿಚ್ಚಳವಾಗಿ ಕಾಣುವುದು ಸುಮಾರು 20ರಿಂದ 30 ಸೆಂಟಿಮೀಟರ್ ದೂರದಲ್ಲಿರುವುದು, ಎಂದರೆ ಎದೆಹಾಲು ಕುಡಿಯುವಾಗ ತಾಯಿಯ ಮುಖ ಇರುವಷ್ಟು ದೂರದಲ್ಲಿರುವುದು. ಆರರಿಂದ ಎಂಟು ವಾರಕ್ಕೆ ಆ ಮುಖವನ್ನು ನೋಡಿ ನಗಲು ಶುರುಮಾಡುತ್ತದೆ. ಅದಕ್ಕೂ ಮೊದಲು ನಿದ್ದೆಯಲ್ಲಿ ಕಾಣುವ ನಗೆ ಬೇರೆ, ಅದು ಯಾರನ್ನೂ ಕುರಿತದ್ದಲ್ಲ. ಅಲ್ಲಿಂದ ಮುಂದೆ ಮಾತಿಲ್ಲದ ಸಂಭಾಷಣೆ ನಡೆಯುತ್ತದೆ. ಕೂಸು “ಉಂಗಾ” ಎನ್ನುತ್ತದೆ, ದೊಡ್ಡವರು “ಹೌದಾ ಬಂಗಾರ, ಆಮೇಲೆ?” ಎನ್ನುತ್ತಾರೆ, ಕೂಸು ಕೈಕಾಲು ಆಡಿಸುತ್ತದೆ, ಮತ್ತೆ ಕಾಯುತ್ತದೆ. ಕಾಲು ಚಾಚಿ ಕುಳಿತು, ಆ ಕಾಲಿನ ಮೇಲೆ ಮಗುವನ್ನು ಮಲಗಿಸಿಕೊಂಡು ಎಣ್ಣೆ ಹಚ್ಚುವ ನಮ್ಮ ಹಳೆಯ ಪದ್ಧತಿಯಲ್ಲಿ ಈ ಸಂಭಾಷಣೆಗೆ ದಿನಕ್ಕೆ ಅರ್ಧ ಗಂಟೆ ತಾನಾಗಿಯೇ ಮೀಸಲಾಗಿತ್ತು. (ಮೂಗು, ಕಿವಿಗೆ ಎಣ್ಣೆ ಬಿಡುವುದು ಮತ್ತು ಮೂಗು ತೀಡಿ ನೇರ ಮಾಡುವುದು ಬೇಡವೆಂದು ಮಕ್ಕಳ ವೈದ್ಯರು ಹೇಳುತ್ತಾರೆ, ಅದನ್ನು ಕೇಳಬೇಕು. ಮಾತು ಮತ್ತು ಸ್ಪರ್ಶವನ್ನು ಬಿಡಬೇಕಾಗಿಲ್ಲ.)

ಈ ಸಂಭಾಷಣೆ ಮಗುವಿಗೆ ಎಷ್ಟು ಮುಖ್ಯವೆಂಬುದನ್ನು ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಟ್ರಾನಿಕ್ 1970ರ ದಶಕದಲ್ಲಿ ಒಂದು ಸರಳ ಪ್ರಯೋಗದಿಂದ ತೋರಿಸಿದರು. ತಾಯಿ ಮಗುವಿನ ಜೊತೆ ಎಂದಿನಂತೆ ಆಡುತ್ತಿದ್ದವಳು, ಇದ್ದಕ್ಕಿದ್ದಂತೆ ಮುಖವನ್ನು ಕಲ್ಲಿನಂತೆ ನಿಶ್ಚಲವಾಗಿಟ್ಟುಕೊಂಡು ಒಂದೆರಡು ನಿಮಿಷ ಸುಮ್ಮನೆ ನೋಡುತ್ತಾಳೆ. ಮಗು ಮೊದಲು ನಗುತ್ತದೆ, ಕೈ ಚಾಚುತ್ತದೆ, ಕೂಗುತ್ತದೆ, ತನಗೆ ಗೊತ್ತಿರುವ ಎಲ್ಲ ಉಪಾಯಗಳನ್ನೂ ಮಾಡಿ ನೋಡುತ್ತದೆ. ಯಾವುದೂ ನಡೆಯದಾಗ ಮುಖ ತಿರುಗಿಸುತ್ತದೆ, ಮೈ ಕುಗ್ಗುತ್ತದೆ, ಅಳುತ್ತದೆ. ಹಸಿವಿಲ್ಲ, ನೋವಿಲ್ಲ, ತಾಯಿ ಎದುರಿಗೇ ಇದ್ದಾಳೆ. ಆದರೂ ಮಗುವಿನ ಪಾಲಿಗೆ ಅವಳು ಇಲ್ಲ. ಮೊಬೈಲಿನಲ್ಲಿ ಮುಳುಗಿದ ಮುಖವನ್ನಿಟ್ಟುಕೊಂಡು ಇದೇ ಪ್ರಯೋಗವನ್ನು ಇತ್ತೀಚೆಗೆ ಮಾಡಿ ನೋಡಿದವರಿದ್ದಾರೆ, ಮಕ್ಕಳ ಪ್ರತಿಕ್ರಿಯೆ ಅಲ್ಲಿಯೂ ಬಹುಮಟ್ಟಿಗೆ ಹೀಗೆಯೇ.

ಇದನ್ನು ಓದಿ ಗಾಬರಿಯಾಗುವವರಿಗಾಗಿ, ಟ್ರಾನಿಕ್ ಅವರ ಕೆಲಸದ ಹೆಚ್ಚು ಬೆಲೆಯುಳ್ಳ, ಆದರೆ ಕಡಿಮೆ ಪ್ರಚಾರ ಪಡೆದ ಅರ್ಧವನ್ನು ಹೇಳಬೇಕು. ಚೆನ್ನಾಗಿ ನಡೆಯುತ್ತಿರುವ, ಸಾಮಾನ್ಯ ತಾಯಿ–ಮಗುವಿನ ಆಟವನ್ನು ಕ್ಷಣಕ್ಷಣವಾಗಿ ಬಿಡಿಸಿ ನೋಡಿದಾಗ, ಇಬ್ಬರ ಭಾವ ಹೊಂದಿಕೊಂಡಿರುತ್ತಿದ್ದುದು ಸುಮಾರು ಶೇ. 30ರಷ್ಟು ಹೊತ್ತು ಮಾತ್ರ. ಉಳಿದ ಹೊತ್ತೆಲ್ಲ ತಾಳ ತಪ್ಪುತ್ತಿರುತ್ತದೆ: ಮಗು ದಣಿದು ಕಣ್ಣು ತಿರುಗಿಸಿದೆ, ತಾಯಿ ಇನ್ನೂ ಆಡಿಸುತ್ತಲೇ ಇದ್ದಾಳೆ, ಮಗು ನಕ್ಕಿದೆ, ತಾಯಿ ಒಲೆಯ ಮೇಲಿನ ಹಾಲು ನೋಡಲು ಹೋಗಿದ್ದಾಳೆ. ಮಗುವನ್ನು ಬೆಳೆಸುವುದು ತಾಳ ತಪ್ಪದಿರುವುದಲ್ಲ, ತಪ್ಪಿದ ತಾಳ ಮತ್ತೆ ಕೂಡುವುದು. ಕೆಟ್ಟದ್ದು ಸರಿಹೋಗುತ್ತದೆ ಎಂಬ ಭರವಸೆಯನ್ನು ಮಗು ಕಲಿಯುವುದು ಕೆಟ್ಟು ಸರಿಹೋದ ಅನುಭವದಿಂದಲೇ, ಬೇರೆ ದಾರಿಯಿಲ್ಲ. ಮಗುವಿನ ಮೇಲೆ ರೇಗಿ, ಆಮೇಲೆ ಹೋಗಿ ಎತ್ತಿಕೊಂಡು “ಅಮ್ಮ ಕಿರುಚಿಬಿಟ್ಟಳಲ್ಲ, ಹೆದರಿಕೊಂಡೆಯಾ?” ಎಂದು ಕೇಳುವ ತಾಯಿ, ಎಂದೂ ರೇಗದ ಕಾಲ್ಪನಿಕ ತಾಯಿಗಿಂತ ಯಾವ ರೀತಿಯಲ್ಲೂ ಕಡಿಮೆಯಲ್ಲ.

ವರ್ಷ ತುಂಬುವ ಹೊತ್ತಿಗೆ ಮಗು ದೊಡ್ಡವರ ಮುಖವನ್ನು ಇನ್ನೊಂದು ಕೆಲಸಕ್ಕೆ ಬಳಸಿಕೊಳ್ಳುತ್ತದೆ: ಹೊರಗಿನ ಜಗತ್ತು ಅಪಾಯವೋ ಅಲ್ಲವೋ ಎಂದು ಅಲ್ಲಿ ಓದಿಕೊಳ್ಳುತ್ತದೆ. 1985ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಕೆಳಗೆ ಹಳ್ಳವಿದ್ದಂತೆ ಕಾಣುವ ಗಾಜಿನ ಮೇಜಿನ ಮೇಲೆ ಒಂದು ವರ್ಷದ ಮಕ್ಕಳನ್ನು ಬಿಟ್ಟು, ಆಚೆ ತುದಿಯಲ್ಲಿ ತಾಯಂದಿರನ್ನು ನಿಲ್ಲಿಸಿದ್ದರು. ತಾಯಿ ನಗುಮುಖ ಮಾಡಿದಾಗ 19 ಮಕ್ಕಳಲ್ಲಿ 14 ಮಕ್ಕಳು ಅಂಬೆಗಾಲಿಟ್ಟು ಗಾಜನ್ನು ದಾಟಿದವು. ಹೆದರಿದ ಮುಖ ಮಾಡಿದಾಗ 17 ಮಕ್ಕಳಲ್ಲಿ ಒಂದೂ ದಾಟಲಿಲ್ಲ. ಬೀದಿನಾಯಿ ಕಂಡಾಗ, ಚುಚ್ಚುಮದ್ದಿನ ಕೋಣೆಗೆ ಹೋಗುವಾಗ, ಗಡ್ಡದ ಮಾವ ಮೊದಲ ಸಲ ಮನೆಗೆ ಬಂದಾಗ ಮಗು ಹೊರಳಿ ನಮ್ಮ ಮುಖ ನೋಡುವುದು ಇದೇ ಕಾರಣಕ್ಕೆ.

ಒಬ್ಬರೋ, ಮನೆ ತುಂಬ ಜನರೋ

ಮಗು ಹಾಲು ಕೊಡುವವರನ್ನು ಹಚ್ಚಿಕೊಳ್ಳುತ್ತದೆ ಎಂಬುದು ಬಹುಕಾಲ ಎಲ್ಲರೂ ನಂಬಿದ್ದ ಮಾತು. ವಿಸ್ಕಾನ್ಸಿನ್‌ನ ಮನೋವಿಜ್ಞಾನಿ ಹ್ಯಾರಿ ಹಾರ್ಲೋ 1950ರ ದಶಕದಲ್ಲಿ ತಾಯಿಯಿಂದ ಅಗಲಿಸಿದ ಕೋತಿಮರಿಗಳ ಮುಂದೆ ಎರಡು ಬೊಂಬೆಗಳನ್ನಿಟ್ಟರು; ಹಾಲಿನ ಬಾಟಲಿ ಕಟ್ಟಿದ್ದ ತಂತಿಯ ಬೊಂಬೆಗೆ ಮರಿಗಳು ಹಸಿವಾದಾಗ ಮಾತ್ರ ಹೋಗಿ, ದಿನದ ಬಹುಪಾಲನ್ನು ಹಾಲಿಲ್ಲದ, ಮೆತ್ತನೆ ಬಟ್ಟೆ ಸುತ್ತಿದ ಬೊಂಬೆಯನ್ನು ಅಪ್ಪಿಕೊಂಡು ಕಳೆದವು. ಪ್ರಯೋಗ ಕ್ರೂರವಾದದ್ದು, ಇಂದು ಯಾರೂ ಅದಕ್ಕೆ ಅನುಮತಿ ಕೊಡಲಾರರು. ಇದೇ ಕಾಲದಲ್ಲಿ ಬ್ರಿಟನ್ನಿನ ಮನೋವೈದ್ಯ ಜಾನ್ ಬೌಲ್ಬಿ, ಯುದ್ಧದಲ್ಲಿ ಮನೆ ಕಳೆದುಕೊಂಡ ಮಕ್ಕಳ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆಗೆ 1951ರಲ್ಲಿ ಬರೆದುಕೊಟ್ಟ ವರದಿಯಲ್ಲಿ, ಅನ್ನದಷ್ಟೇ ಅಗತ್ಯವಾದ ಇನ್ನೊಂದು ವಸ್ತುವಿದೆ, ಅದು ಎಡೆಬಿಡದ ಆಪ್ತ ಸಂಬಂಧ ಎಂದು ವಾದಿಸಿದರು.

ಅವರ ಸಹೋದ್ಯೋಗಿಯಾಗಿದ್ದ ಮೇರಿ ಐನ್ಸ್‌ವರ್ತ್ ಈ ಸಂಬಂಧವನ್ನು ಮೊದಲು ಕೂಲಂಕಷವಾಗಿ ಗಮನಿಸಿದ್ದು ಯುರೋಪಿನಲ್ಲಿ ಅಲ್ಲ, 1954–55ರಲ್ಲಿ ಉಗಾಂಡದ ಹಳ್ಳಿಗಳಲ್ಲಿ. ಅಲ್ಲಿ ಕೂಸುಗಳು ಹಲವರ ಕೈಯಲ್ಲಿ ಬೆಳೆಯುತ್ತಿದ್ದವು, ಆದರೂ ಹೆದರಿದಾಗ ಯಾರ ಕಡೆ ಓಡಬೇಕೆಂಬುದು ಅವಕ್ಕೆ ಖಚಿತವಾಗಿ ಗೊತ್ತಿತ್ತು. ಮುಂದೆ ಬಾಲ್ಟಿಮೋರ್‌ನಲ್ಲಿ ಐನ್ಸ್‌ವರ್ತ್ ರೂಪಿಸಿದ ಪರೀಕ್ಷೆ ಸುಮಾರು ಇಪ್ಪತ್ತು ನಿಮಿಷದ್ದು: ಒಂದು ವರ್ಷ ದಾಟಿದ ಮಗುವನ್ನು ಹೊಸ ಕೋಣೆಯಲ್ಲಿ ಬಿಟ್ಟು ತಾಯಿ ಎರಡು ಸಲ ಹೊರಗೆ ಹೋಗಿ ಬರುತ್ತಾಳೆ. ತಾಯಿ ಹೋದಾಗ ಮಗು ಎಷ್ಟು ಅತ್ತಿತು ಎಂಬುದಕ್ಕಿಂತ, ಬಂದಾಗ ಏನು ಮಾಡಿತು ಎಂಬುದೇ ಹೆಚ್ಚು ಹೇಳುತ್ತದೆ ಎಂಬುದು ಅವರು ಕಂಡುಕೊಂಡದ್ದು. ಭದ್ರವಾದ ನಂಟಿರುವ ಮಗು ಬಂದವಳನ್ನು ತಬ್ಬಿ, ಸಮಾಧಾನಗೊಂಡು, ಮತ್ತೆ ಆಟಕ್ಕೆ ಇಳಿಯುತ್ತದೆ. ಕೆಲವು ಮಕ್ಕಳು ಏನೂ ಆಗದಂತೆ ಮುಖ ತಿರುಗಿಸಿಕೊಂಡಿರುತ್ತವೆ. ಕೆಲವು ಅಂಟಿಕೊಂಡೂ ಒದೆಯುತ್ತ, ಎಷ್ಟು ಹೊತ್ತಾದರೂ ಸಮಾಧಾನಗೊಳ್ಳುವುದಿಲ್ಲ.

ಈ ಪರೀಕ್ಷೆಯನ್ನು ಹಾಗೆಯೇ ತಂದು ನಮ್ಮ ಮಕ್ಕಳನ್ನು ಅಳೆಯುವುದು ಸರಿಯಲ್ಲವೆಂದು ನನಗನ್ನಿಸುತ್ತದೆ. ಯಾರೂ ಇಲ್ಲದ ಕೋಣೆಯಲ್ಲಿ ಒಂಟಿಯಾಗಿ ಕೂತ ಅನುಭವವೇ ಇಲ್ಲದ, ಅಜ್ಜಿಯ ಪಕ್ಕದಲ್ಲಿ ಮಲಗಿ, ದೊಡ್ಡಮ್ಮನ ಕೈಯಲ್ಲಿ ಉಂಡು, ಅತ್ತೆಯ ಸೊಂಟದ ಮೇಲೆ ಊರು ಸುತ್ತುವ ಮಗುವಿಗೆ ಆ ಕೋಣೆಯೇ ಒಂದು ದೊಡ್ಡ ಆಘಾತವಾಗಬಹುದು. ಮಗು ಏಕಕಾಲದಲ್ಲಿ ಹಲವರನ್ನು ಭದ್ರವಾಗಿ ಹಚ್ಚಿಕೊಳ್ಳಬಲ್ಲದು, ಅಪ್ಪನನ್ನೂ ಸೇರಿಸಿ. ತಾಯಿಯೊಬ್ಬಳೇ ಎಲ್ಲವೂ ಆಗಬೇಕೆಂಬ ನಿಯಮ ಎಲ್ಲಿಯೂ ಇಲ್ಲ. ಆ ಹಲವರು ಕೈಬೆರಳಿನಲ್ಲಿ ಎಣಿಸುವಷ್ಟು, ದಿನವೂ ಕಾಣುವ ಅದೇ ಜನ ಆಗಿರಬೇಕು, ಅಷ್ಟೆ.

ಹಾಗೆ ಯಾರೂ ಇಲ್ಲದಾಗ ಏನಾಗುತ್ತದೆಂಬುದಕ್ಕೆ ರೊಮೇನಿಯಾದ ಅನಾಥಾಲಯಗಳು ಸಾಕ್ಷಿ. 1989ರಲ್ಲಿ ಸರ್ವಾಧಿಕಾರಿ ಚೌಶೆಸ್ಕುವಿನ ಆಡಳಿತ ಕುಸಿದಾಗ ಅಲ್ಲಿನ ಸರ್ಕಾರಿ ಸಂಸ್ಥೆಗಳಲ್ಲಿ ಲಕ್ಷಕ್ಕೂ ಹೆಚ್ಚು ಮಕ್ಕಳಿದ್ದರು. ಊಟ, ಹಾಸಿಗೆ ಸಿಗುತ್ತಿತ್ತು, ಅತ್ತರೆ ಬರುವವರಿರಲಿಲ್ಲ. ಅಮೆರಿಕದ ಸಂಶೋಧಕರಾದ ಚಾರ್ಲ್ಸ್ ನೆಲ್ಸನ್, ನೇಥನ್ ಫಾಕ್ಸ್ ಮತ್ತು ಚಾರ್ಲ್ಸ್ ಝೀನಾ ಬುಕಾರೆಸ್ಟ್‌ನಲ್ಲಿ 136 ಮಕ್ಕಳನ್ನು ಆಯ್ದು, ಚೀಟಿ ಎತ್ತಿದಂತೆ ಅರ್ಧದಷ್ಟು ಮಕ್ಕಳನ್ನು ತರಬೇತಿ ಪಡೆದ ಸಾಕುಮನೆಗಳಿಗೆ ಕಳಿಸಿ, ವರ್ಷಗಟ್ಟಲೆ ಅವರ ಬೆಳವಣಿಗೆಯನ್ನು ಹೋಲಿಸಿ ನೋಡಿದರು. ಸಾಕುಮನೆಗೆ ಹೋದವರು ಬಹಳಷ್ಟು ವಿಷಯಗಳಲ್ಲಿ ಚೇತರಿಸಿಕೊಂಡರು. ಆಪ್ತ ನಂಟು ಕಟ್ಟಿಕೊಳ್ಳುವ ವಿಷಯದಲ್ಲಿ, ಸುಮಾರು ಎರಡು ವರ್ಷ ತುಂಬುವ ಮೊದಲೇ ಹೋದವರು ಹೆಚ್ಚು. ಇದನ್ನು ನಮ್ಮ ನಿಮ್ಮ ಮನೆಯ ಸಣ್ಣಪುಟ್ಟ ತಪ್ಪುಗಳಿಗೆ ಹೋಲಿಸಿ ಕೊರಗಬಾರದು. ಅದು ಸಂಪೂರ್ಣ ಬರಗಾಲದ ಕಥೆ, ಒಂದು ಹೊತ್ತಿನ ಉಪವಾಸದ್ದಲ್ಲ.

“ಹೋಗಿಬರ್ತೀನಿ”

ಎಂಟು ಒಂಬತ್ತು ತಿಂಗಳ ಹೊತ್ತಿಗೆ, ಅದುವರೆಗೆ ಎಲ್ಲರ ಕೈಗೂ ನಗುತ್ತ ಹೋಗುತ್ತಿದ್ದ ಮಗು ಹೊಸಬರನ್ನು ಕಂಡು ಅಳಲು ಶುರುಮಾಡುತ್ತದೆ. ಅಮ್ಮ ಬಚ್ಚಲಿಗೆ ಹೋದರೂ ಬಾಗಿಲು ಬಡಿಯುತ್ತದೆ. ಮಗುವಿಗೆ ಏನೋ ಆಗಿದೆಯೆಂದು ದೃಷ್ಟಿ ತೆಗೆಸುವವರೂ ಉಂಟು. ವಾಸ್ತವದಲ್ಲಿ ಇದು ಬುದ್ಧಿ ಬೆಳೆದ ಗುರುತು. ಕಣ್ಣಿಗೆ ಕಾಣದ ವಸ್ತುವೂ ಎಲ್ಲೋ ಇದೆ ಎಂಬುದು ಈಗ ಮಗುವಿಗೆ ಹೊಳೆದಿದೆ. ಅಮ್ಮ ಎಲ್ಲೋ ಇದ್ದಾಳೆ, ಆದರೆ ಇಲ್ಲಿಲ್ಲ. ಬರುತ್ತಾಳೋ ಇಲ್ಲವೋ ತಿಳಿಯದು. ಸೆರಗಿನಲ್ಲಿ ಮುಖ ಮುಚ್ಚಿ ಫಕ್ಕನೆ ತೆರೆಯುವ ಆಟಕ್ಕೆ ಈ ವಯಸ್ಸಿನ ಮಕ್ಕಳು ನೂರು ಸಲವಾದರೂ ಕೇಕೆ ಹಾಕಿ ನಗುವುದು, ಅದು ಇದೇ ದೊಡ್ಡ ಪ್ರಶ್ನೆಯ ಚಿಕ್ಕ ಅಭ್ಯಾಸವಾದ್ದರಿಂದ.

ನಮ್ಮ ಕಾನೂನು ಮತ್ತು ಮಗುವಿನ ಪಂಚಾಂಗ ಇಲ್ಲಿ ಒಂದಕ್ಕೊಂದು ಸರಿಹೊಂದುವುದಿಲ್ಲ. 2017ರ ತಿದ್ದುಪಡಿಯಿಂದ ಹೆರಿಗೆ ರಜೆ 26 ವಾರಗಳಿಗೆ ಏರಿತು, ಅದೂ ಸಂಘಟಿತ ವಲಯದವರಿಗೆ. ಆರು ತಿಂಗಳಿಗೆ ತಾಯಿ ಕೆಲಸಕ್ಕೆ ಮರಳುತ್ತಾಳೆ, ಮಗು ಅಷ್ಟೇನೂ ಅಳುವುದಿಲ್ಲ, ಎಲ್ಲರಿಗೂ ನಿರಾಳ. ಎರಡು ತಿಂಗಳ ನಂತರ ಅಗಲಿಕೆಯ ಅಳು ತನ್ನ ಕಾಲಕ್ಕೆ ತಾನು ಶುರುವಾದಾಗ, ಮನೆಯವರೆಲ್ಲ ಅವಳ ಕೆಲಸವನ್ನು ದೂರುತ್ತಾರೆ. ಅವಳು ಮನೆಯಲ್ಲಿಯೇ ಇದ್ದಿದ್ದರೂ ಆ ಅಳು ಬರುತ್ತಿತ್ತು. ಮಾಡಬಹುದಾದ ಒಂದು ಕೆಲಸವೆಂದರೆ, ಮುಂದೆ ಹಗಲು ನೋಡಿಕೊಳ್ಳುವವರು ಯಾರೋ ಅವರನ್ನು ಮಗುವಿಗೆ ಐದು ಆರು ತಿಂಗಳಿದ್ದಾಗಲೇ, ತಾಯಿ ಪಕ್ಕದಲ್ಲಿರುವಾಗಲೇ, ದಿನವೂ ಸ್ವಲ್ಪ ಹೊತ್ತು ರೂಢಿ ಮಾಡಿಸುವುದು.

ಇನ್ನು ಹೊರಡುವ ಗಳಿಗೆ. ಮಗುವಿಗೆ ಏನನ್ನೋ ತೋರಿಸಿ, ಕಣ್ಣು ತಪ್ಪಿಸಿ ಹಿಂಬಾಗಿಲಿನಿಂದ ಹೊರಡುವುದು ನಮ್ಮಲ್ಲಿ ಎಲ್ಲರೂ ಮಾಡುವ ಉಪಾಯ. ಆ ದಿನದ ಅಳು ಅದರಿಂದ ತಪ್ಪುತ್ತದೆ. ಆದರೆ ಅಮ್ಮ ಯಾವ ಕ್ಷಣದಲ್ಲಾದರೂ ಮಾಯವಾಗಬಹುದು ಎಂದು ಕಲಿತ ಮಗು ಮರುದಿನದಿಂದ ಅವಳ ಸೆರಗು ಬಿಡುವುದಿಲ್ಲ. ಕನ್ನಡದಲ್ಲಿ ನಾವು ಹೊರಡುವಾಗ “ಹೋಗ್ತೀನಿ” ಎನ್ನುವುದಿಲ್ಲ, ಹಾಗೆಂದರೆ ಹಿರಿಯರು “ಹೋಗಿಬರ್ತೀನಿ ಅನ್ನು” ಎಂದು ತಿದ್ದುತ್ತಾರೆ. ಹೋಗುವುದರೊಳಗೇ ಬರುವುದನ್ನೂ ಸೇರಿಸಿಟ್ಟಿರುವ ಆ ಒಂದು ಪದ, ಒಂಬತ್ತು ತಿಂಗಳ ಮಗು ಕಲಿಯಬೇಕಾದ ಪಾಠವೇ ಆಗಿದೆ. ಮಗುವಿನ ಮುಖ ನೋಡಿ, “ಅಮ್ಮ ಆಫೀಸಿಗೆ ಹೋಗಿಬರ್ತಾಳೆ, ನೀನು ಸಂಜೆ ಹಾಲು ಕುಡಿಯೋ ಹೊತ್ತಿಗೆ ಬರ್ತಾಳೆ” ಎಂದು ದಿನವೂ ಅದೇ ಮಾತಿನಲ್ಲಿ ಹೇಳಿ, ಅತ್ತರೂ ಹೆಚ್ಚು ಎಳೆಯದೆ ಹೊರಟು, ಹೇಳಿದ ಹೊತ್ತಿಗೆ ಬರಬೇಕು. ಅಳು ಕೆಲವು ದಿನ ಇರುತ್ತದೆ. ಅಂಗನವಾಡಿಗೆ ಅಥವಾ ಮಕ್ಕಳ ಪಾಲನಾ ಕೇಂದ್ರಕ್ಕೆ ಬಿಡುವಾಗಲೂ ಕ್ರಮ ಇದೇ. ಮೊದಲ ವಾರ ಒಂದೊಂದು ಗಂಟೆ ಮಾತ್ರ ಬಿಟ್ಟು ನೋಡುವಷ್ಟು ಅವಕಾಶವಿದ್ದರೆ ಇನ್ನೂ ಒಳ್ಳೆಯದು.

ರಚ್ಚೆಯ ವಯಸ್ಸು

ಒಂದೂವರೆ ವರ್ಷದ ಸುಮಾರಿಗೆ ಮಗು ಕನ್ನಡಿಯಲ್ಲಿ ಕಾಣುವುದು ತಾನೇ ಎಂದು ಗುರುತಿಸುತ್ತದೆ. “ನಾನು” ಹುಟ್ಟಿದ ಬೆನ್ನಿಗೇ “ನಾನೇ” ಹುಟ್ಟುತ್ತದೆ: ನಾನೇ ಚಪ್ಪಲಿ ಹಾಕಿಕೊಳ್ಳುತ್ತೇನೆ, ನಾನೇ ಲಿಫ್ಟಿನ ಗುಂಡಿ ಒತ್ತುತ್ತೇನೆ. ಬೇಕು ಎನ್ನುವುದು ಬೆಟ್ಟದಷ್ಟು, ಕೈಲಾಗುವುದು ಸಾಸಿವೆಯಷ್ಟು, ಹೇಳಲು ಇರುವ ಮಾತು ಇನ್ನೂ ಕಡಿಮೆ. ಈ ಮೂರರ ನಡುವಿನ ಅಂತರದಲ್ಲಿ ರಚ್ಚೆ ಹುಟ್ಟುತ್ತದೆ. ಚಪಾತಿ ಎರಡು ತುಂಡಾಯಿತೆಂದು ನೆಲಕ್ಕೆ ಬಿದ್ದು ಹೊರಳಾಡುವ ಎರಡು ವರ್ಷದ ಮಗು ನಮ್ಮನ್ನು ಆಡಿಸುತ್ತಿಲ್ಲ. ಅದರ ಕೈ ಮೀರಿದೆ.

ಕೈ ಮೀರಿದ ಹೊತ್ತಿನಲ್ಲಿ ಉಪದೇಶ ಕಿವಿಗೆ ಬೀಳುವುದಿಲ್ಲ. ಕೆಳಗೆ ಕೂತು, ಮಗುವಿಗೂ ಬೇರೆಯವರಿಗೂ ಪೆಟ್ಟಾಗದಂತೆ ನೋಡಿಕೊಂಡು, ಕಡಿಮೆ ಮಾತಿನಲ್ಲಿ, ಇಳಿದ ದನಿಯಲ್ಲಿ, “ಸಿಟ್ಟು ಬಂದಿದೆ, ಗೊತ್ತಾಯ್ತು, ಇಲ್ಲೇ ಇದೀನಿ” ಎಂದು ಕಾಯುವುದು ಬಹುಮಟ್ಟಿಗೆ ಸಾಕು. ಕೆಲವು ಮಕ್ಕಳಿಗೆ ಆಗ ಮುಟ್ಟಿದರೆ ಹಿತ, ಕೆಲವಕ್ಕೆ ಮುಟ್ಟಿದರೆ ಇನ್ನೂ ಕೆರಳುತ್ತದೆ. ಸಮಾಧಾನ ಮಾಡುವುದೆಂದರೆ ಕೇಳಿದ್ದನ್ನು ಕೊಟ್ಟುಬಿಡುವುದಲ್ಲ. ಚಾಕು ಬೇಕೆಂದು ಅತ್ತರೆ ಚಾಕು ಸಿಗುವುದಿಲ್ಲ, ಮಡಿಲು ಸಿಗುತ್ತದೆ. ಈ ಎರಡನ್ನೂ ಒಟ್ಟಿಗೆ ಹಿಡಿದುಕೊಳ್ಳುವುದೇ ಈ ವಯಸ್ಸಿನ ಮಕ್ಕಳನ್ನು ಸಾಕುವುದರ ಅತಿ ಕಷ್ಟದ ಭಾಗ. ಎಷ್ಟೋ ರಚ್ಚೆಗಳನ್ನು ಮೊದಲೇ ತಡೆಯಬಹುದು: ಹಸಿವು, ನಿದ್ದೆ, ಮದುವೆ ಛತ್ರದ ಗದ್ದಲ, ಇದ್ದಕ್ಕಿದ್ದಂತೆ ಆಟ ಬಿಡಿಸುವುದು, ಇವು ಮಾಮೂಲಿ ಕಾರಣಗಳು. “ಇನ್ನೊಂದು ಸಲ ಜಾರಿದ ಮೇಲೆ ಮನೆಗೆ” ಎಂಬ ಮುನ್ಸೂಚನೆ, “ಸ್ಟೀಲ್ ಲೋಟದಲ್ಲೋ ಕೆಂಪು ಲೋಟದಲ್ಲೋ” ಎಂಬ ಚಿಕ್ಕ ಆಯ್ಕೆ ಸಾಕಷ್ಟು ಕೆಲಸ ಮಾಡುತ್ತವೆ.

ಮೊಬೈಲ್ ಕೊಟ್ಟರೆ ರಚ್ಚೆ ಕೂಡಲೇ ನಿಲ್ಲುತ್ತದೆ, ಅದು ನಿಜ. ಆದರೆ ಅಲ್ಲಿ ಮಗುವಿನ ಗಮನ ಬೇರೆಡೆ ಹೋಯಿತೇ ಹೊರತು, ಇಳಿದು ಬರುವ ದಾರಿಯನ್ನು ಅದು ನಡೆಯಲಿಲ್ಲ. ಮುಂದಿನ ಸಲ ಮತ್ತೆ ಮೊಬೈಲೇ ಬೇಕು. ಎರಡು ವರ್ಷದೊಳಗೆ ಪರದೆ ಬೇಡವೇ ಬೇಡ ಎಂದು ಭಾರತೀಯ ಮಕ್ಕಳ ವೈದ್ಯರ ಸಂಘವು 2021ರಲ್ಲಿ ಹೇಳಿದೆ, ದೂರದ ನಂಟರೊಡನೆ ಅಪರೂಪಕ್ಕೆ ಮಾಡುವ ವಿಡಿಯೊ ಕರೆಯನ್ನು ಬಿಟ್ಟು. ನ್ಯೂಜೆರ್ಸಿಯ ಮೊಮ್ಮಗುವಿಗೆ ಶಿವಮೊಗ್ಗದಿಂದ ಜೋಗುಳ ಹಾಡುವ ಅಜ್ಜಿಗೆ ಇದು ಸಮಾಧಾನದ ವಿಷಯ. ಆ ಪರದೆಯಲ್ಲಿ ಇರುವುದು ಮಗುವಿಗೆ ಮರುನುಡಿಯುವ ಮುಖ.

ಸ್ವಭಾವದ ಮಾತನ್ನೂ ಮರೆಯುವಂತಿಲ್ಲ. ನ್ಯೂಯಾರ್ಕ್‌ನಲ್ಲಿ 1956ರಿಂದ ಮಕ್ಕಳನ್ನು ದೀರ್ಘಕಾಲ ಹಿಂಬಾಲಿಸಿದ ಅಲೆಕ್ಸಾಂಡರ್ ಥಾಮಸ್ ಮತ್ತು ಸ್ಟೆಲಾ ಚೆಸ್ ಎಂಬ ಮನೋವೈದ್ಯ ದಂಪತಿ, ಕೆಲವು ಮಕ್ಕಳು ಹುಟ್ಟಿನಿಂದಲೇ ಬೇಗ ಹೊಂದಿಕೊಳ್ಳುತ್ತವೆ, ಕೆಲವು ನಿಧಾನವಾಗಿ, ಸುಮಾರು ಹತ್ತರಲ್ಲಿ ಒಂದು ಎಲ್ಲದಕ್ಕೂ ಜೋರಾಗಿ ಪ್ರತಿಭಟಿಸುತ್ತದೆ ಎಂದು ತೋರಿಸಿದರು. “ಇದರ ಅಕ್ಕ ಹೀಗಿರಲಿಲ್ಲ” ಎಂಬ ಹೋಲಿಕೆಯಿಂದ ಮಗುವೂ ತಾಯಿಯೂ ನೋಯುತ್ತಾರೆ, ಬದಲಾಗುವುದೇನೂ ಇಲ್ಲ.

ಮಾತಿನಲ್ಲಿ ಹೆಸರಿಡುವುದು

ಓಡುತ್ತ ಎಡವಿ ಬಿದ್ದ ಮಗುವಿಗೆ ನಾವು ಹೇಳುವ ಮೊದಲ ಮಾತು “ಏನೂ ಆಗಿಲ್ಲ, ಇರುವೆ ಸತ್ತುಹೋಯ್ತು ನೋಡು!” ಎಂದು. ಅಥವಾ ನೆಲಕ್ಕೆ ಎರಡೇಟು ಹಾಕಿ, “ಕೆಟ್ಟ ನೆಲ, ಹತ್ತಾ ಕೊಟ್ಟೆ” ಎನ್ನುತ್ತೇವೆ. ಇರುವೆಯ ಮಾತು ನನಗೆ ಇಷ್ಟವೇ. ಸಣ್ಣ ಬೀಳುವಿಕೆಯನ್ನು ಅದು ನಗುವಾಗಿ ಮಾಡುತ್ತದೆ. ಆದರೆ ಮೊಣಕಾಲು ತರಚಿ ನಿಜವಾಗಿ ಉರಿಯುತ್ತಿರುವಾಗ “ಏನೂ ಆಗಿಲ್ಲ” ಎಂದರೆ, ತನಗೆ ಒಳಗೆ ಅನ್ನಿಸುತ್ತಿರುವುದನ್ನು ನಂಬಬೇಕೋ ದೊಡ್ಡವರ ಮಾತನ್ನು ನಂಬಬೇಕೋ ಎಂದು ಮಗುವಿಗೆ ಗೊಂದಲವಾಗುತ್ತದೆ. ನೆಲಕ್ಕೆ ಹೊಡೆಯುವುದಂತೂ, ನೋವಾದಾಗ ಯಾರಿಗಾದರೂ ತಿರುಗಿ ಹೊಡೆಯಬೇಕೆಂಬ ಪಾಠ. “ಬಿದ್ದೆಯಾ? ಉರೀತಿದೆಯಾ? ತೊಳೆಯೋಣ ಬಾ” ಎಂದರೆ ಅನುಭವಕ್ಕೆ ಹೆಸರೂ ಸಿಕ್ಕಿತು, ಉಪಾಯವೂ ಸಿಕ್ಕಿತು.

ಹೆಸರಿಡುವುದರಲ್ಲಿ ನಮ್ಮ ಭಾಷೆಯದೇ ಒಂದು ತೊಡಕಿದೆ. “ಬೇಜಾರು” ಎಂಬ ಒಂದೇ ಪದ ನಮ್ಮಲ್ಲಿ ದುಃಖಕ್ಕೂ, ಹೊತ್ತು ಹೋಗದಿರುವುದಕ್ಕೂ, ಮನಸ್ಸಿಗೆ ಚುಚ್ಚಿದ್ದಕ್ಕೂ, ಸಣ್ಣ ಸಿಟ್ಟಿಗೂ ದುಡಿಯುತ್ತದೆ. ಮಗುವಿನೊಡನೆ ಮಾತಾಡುವಾಗ ಅದನ್ನು ಬಿಡಿಸಿ ಹೇಳಿದರೆ ಒಳ್ಳೆಯದು: “ಅಜ್ಜಿ ಊರಿಗೆ ಹೋದರೆಂದು ನೆನಪಾಗ್ತಿದೆಯಾ?”, “ತಂಗಿ ಬೊಂಬೆ ಕಿತ್ಕೊಂಡಳೆಂದು ಸಿಟ್ಟಾ?”, “ಮಿಕ್ಸಿ ಸದ್ದಿಗೆ ಹೆದರಿಕೆ ಆಯ್ತಾ?” ಎರಡು ವರ್ಷದ ಮಗು ಉತ್ತರ ಕೊಡದಿರಬಹುದು, ಮೂರಕ್ಕೆ ಅದೇ ಮಗು ಹೊಡೆಯುವ ಬದಲು “ನಂಗೆ ಸಿಟ್ಟು ಬಂದಿದೆ” ಎಂದು ಬಂದು ಹೇಳುತ್ತದೆ.

ಗುಮ್ಮ, ಪೊಲೀಸು, ಸೂಜಿ ಚುಚ್ಚುವ ಡಾಕ್ಟರು, “ನಿನ್ನನ್ನು ಇಲ್ಲೇ ಬಿಟ್ಟುಹೋಗ್ತೀನಿ” ಎಂಬ ಬೆದರಿಕೆ, “ನೀನು ಜಾತ್ರೆಯಲ್ಲಿ ಸಿಕ್ಕಿದವನು”, “ಪಾಪು ಬಂದ ಮೇಲೆ ನಿನ್ನನ್ನು ಯಾರೂ ಎತ್ತಿಕೊಳ್ಳೋದಿಲ್ಲ” ಎಂಬ ತಮಾಷೆ: ಇವೆಲ್ಲ ಮುದ್ದಿನಿಂದಲೇ ಬರುವ ಮಾತುಗಳು. ಆದರೆ ಎರಡ್ಮೂರು ವರ್ಷದ ಮಗುವಿಗೆ ತಮಾಷೆಯೂ ಸತ್ಯವೂ ಬೇರೆ ಬೇರೆ ಎಂದು ತಿಳಿಯುವುದಿಲ್ಲ, ಬಿಟ್ಟುಹೋಗುವುದು ಅದರ ಅತಿ ದೊಡ್ಡ ಭಯವಾಗಿರುವ ಕಾಲವಿದು. ಈ ಒಂದು ರೂಢಿಯನ್ನು ನಾವು ಪೂರ್ತಿ ಬಿಡಬಹುದು.

ಸಾಕುವವರನ್ನು ಸಾಕುವುದು

ಸಮಾಧಾನವನ್ನು ಎರವಲು ಕೊಡಬೇಕಾದವರ ಬಳಿ ಅದೇ ಇಲ್ಲದಿದ್ದರೆ? ಭಾರತದ ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯ ಪ್ರಕಾರ ಹೆರಿಗೆಯ ನಂತರ ಶೇ. 22ರಷ್ಟು, ಎಂದರೆ ಐವರಲ್ಲಿ ಒಬ್ಬರಿಗಿಂತ ಹೆಚ್ಚು ತಾಯಂದಿರಿಗೆ ಖಿನ್ನತೆ ಕಾಣಿಸಿಕೊಳ್ಳುತ್ತದೆ. ನಿಶ್ಚಲ ಮುಖದ ಪ್ರಯೋಗದಲ್ಲಿ ಎರಡು ನಿಮಿಷ ನಡೆದದ್ದು ಇಂಥ ಮನೆಗಳಲ್ಲಿ ವಾರಗಟ್ಟಲೆ, ಯಾರ ತಪ್ಪೂ ಇಲ್ಲದೆ, ನಡೆಯಬಹುದು. ಕೂಸಿನ ಮೇಲೆ ಅಕ್ಕರೆ ಬರುತ್ತಿಲ್ಲ, ನಿದ್ದೆ ಬಂದರೂ ಮಲಗಲಾಗುತ್ತಿಲ್ಲ, ಬದುಕು ಬೇಡವೆನ್ನಿಸುತ್ತಿದೆ ಎಂದು ಬಾಣಂತಿ ಹೇಳಿದರೆ, “ಎಲ್ಲರೂ ಹೆತ್ತಿಲ್ಲವೆ” ಎನ್ನದೆ ವೈದ್ಯರ ಬಳಿ ಕರೆದೊಯ್ಯಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿಯನ್ನೂ ಕೂಸನ್ನೂ ಅಗಲಿಸದೆ ಒಟ್ಟಿಗೆ ಒಳರೋಗಿಗಳಾಗಿ ಇಟ್ಟುಕೊಂಡು ಚಿಕಿತ್ಸೆ ಕೊಡುವ ವಿಭಾಗ 2009ರಿಂದ ಇದೆ. ಟೆಲಿ–ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲಿಯೇ ಮಾತಾಡಬಹುದು.

ಮನೆಯಾಚೆಯ ಆಸರೆಯೂ ಬೇಕು. ಕರ್ನಾಟಕದಲ್ಲಿ ಅಂಗನವಾಡಿಗಳು 1975ರ ಅಕ್ಟೋಬರ್ 2ರಂದು ಮೈಸೂರು ಜಿಲ್ಲೆಯ ಟಿ. ನರಸೀಪುರದಲ್ಲಿ ಆರಂಭವಾದವು, ಆದರೆ ಕಲಿಕೆಯ ಚಟುವಟಿಕೆಗಳು ಮೂರು ವರ್ಷ ದಾಟಿದವರಿಗೇ ಹೆಚ್ಚಾಗಿ ಸಿಗುತ್ತ, ಅದಕ್ಕಿಂತ ಚಿಕ್ಕವರ ಪಾಲಿಗೆ ಬರುತ್ತಿದ್ದುದು ಮುಖ್ಯವಾಗಿ ಪೌಷ್ಟಿಕ ಆಹಾರ ಮತ್ತು ಲಸಿಕೆ. ಉದ್ಯೋಗ ಖಾತ್ರಿಗೆ ಹೋಗುವ ತಾಯಂದಿರ ಮಕ್ಕಳಿಗಾಗಿ ರಾಜ್ಯ ಸರ್ಕಾರ 2023–24ರ ಬಜೆಟ್‌ನಲ್ಲಿ 4,000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆಯುವುದಾಗಿ ಘೋಷಿಸಿತು. ಇಂಥ ಕೇಂದ್ರಗಳನ್ನು ಕಟ್ಟಡ, ಆಟಿಕೆ, ಗೋಡೆಯ ಚಿತ್ರಗಳಿಂದ ಅಳೆಯುವುದು ಸುಲಭ. ಮಗುವಿನ ಕಡೆಯಿಂದ ಕೇಳಬೇಕಾದ ಪ್ರಶ್ನೆಗಳು ಬೇರೆ: ಒಬ್ಬರ ಪಾಲಿಗೆ ಎಷ್ಟು ಕೂಸುಗಳು? ಇಂದು ಎತ್ತಿಕೊಂಡವರೇ ಮುಂದಿನ ತಿಂಗಳೂ ಇರುತ್ತಾರೆಯೇ? ಅವರಿಗೆ ಸಂಬಳ ಹೊತ್ತಿಗೆ ಸರಿಯಾಗಿ ಬರುತ್ತದೆಯೇ?

ಕೆಲವು ಸೂಚನೆಗಳನ್ನು ಮಾತ್ರ ಸ್ವಭಾವವೆಂದು ತಳ್ಳಿಹಾಕದೆ ಬೇಗ ತೋರಿಸಬೇಕು. ಮೂರು ತಿಂಗಳಾದರೂ ಮುಖ ನೋಡಿ ನಗದಿರುವುದು, ವರ್ಷ ತುಂಬಿದರೂ ಹೆಸರು ಹಿಡಿದು ಕರೆದಾಗ ತಿರುಗದಿರುವುದು ಅಥವಾ ಟಾಟಾ ಮಾಡುವಂಥ ಕೈಸನ್ನೆ ಬಾರದಿರುವುದು, ಒಂದೂವರೆ ವರ್ಷಕ್ಕೂ ಬೇಕಾದದ್ದನ್ನು ಬೆರಳಿನಿಂದ ತೋರಿಸದಿರುವುದು, ಯಾವುದೇ ವಯಸ್ಸಿನಲ್ಲಿ ಕಲಿತ ಮಾತು ಅಥವಾ ನಗು ಕಳೆದುಹೋಗುವುದು ಅಂಥವು. ಇವುಗಳಿಗೆ ಕಿವಿ ಕೇಳದಿರುವುದರಿಂದ ಹಿಡಿದು ಆಟಿಸಂವರೆಗೆ ಹಲವು ಕಾರಣಗಳಿರಬಹುದು, ಕೆಲವೊಮ್ಮೆ ಕಾರಣವೇ ಇಲ್ಲದಿರಬಹುದು. ಲಸಿಕೆಗೆ ಹೋದಾಗಲೇ ಮಕ್ಕಳ ವೈದ್ಯರಿಗೆ ಅಥವಾ ಆಶಾ ಕಾರ್ಯಕರ್ತೆಗೆ ಹೇಳಬಹುದು. ಹೆಚ್ಚಿನ ತಪಾಸಣೆಗೆ ಜಿಲ್ಲಾ ಆಸ್ಪತ್ರೆಯಲ್ಲಿ ಡಿಇಐಸಿ, ಎಂದರೆ ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ಬೇಗ ಗುರುತಿಸಿ ನೆರವಾಗುವ ಕೇಂದ್ರವಿದೆ, ಕೇಳುವಿಕೆ ಮತ್ತು ಮಾತಿನ ವಿಷಯಕ್ಕೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. “ನಿಮ್ಮ ಮಾವನೂ ತಡವಾಗಿಯೇ ಮಾತಾಡಿದ್ದು” ಎಂದು ಕಾಯುತ್ತ ಕುಳಿತರೆ, ನೆರವು ಹೆಚ್ಚು ಫಲ ಕೊಡುವ ವರ್ಷವೇ ಕಳೆದುಹೋಗುತ್ತದೆ.